ಮಬ್ಬು ತೆಗೆದಾಗ ಕಂಡವನು

ಈ ಕತೆ ಹೇಳುವ ಯೋಗ್ಯತೆ ನನಗಿಲ್ಲ. ನಾನು ಕ್ಯಾಮೆರಾ ಹಿಡಿದವನೂ ಅಲ್ಲ, ಬೆಟ್ಟ ಹತ್ತಿದವನೂ ಅಲ್ಲ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು.

ಒಂದು ಸ್ಟುಡಿಯೋದಲ್ಲಿ ಫೋಟೋ ತಿದ್ದುವವನೊಬ್ಬನಿದ್ದ. ಬಲ್ಬು ಬದಲಿಸಲು ಸ್ಟೂಲ್ ಹತ್ತಿದರೂ ಗೋಡೆ ತಬ್ಬಿಕೊಳ್ಳುತ್ತಿದ್ದನಾದ್ದರಿಂದ ಎಲ್ಲರಿಗೂ ಅವನು ಪುಕ್ಕಲಣ್ಣ.

ಅಂದು ಬೆಳಿಗ್ಗೆ ಮಾಲೀಕರು ಕ್ಯಾಲೆಂಡರಿಗೆಂದು ತೆಗೆದ ಬೆಟ್ಟದ ಚಿತ್ರ ಕೊಟ್ಟು, "ಮಬ್ಬು ಸ್ವಲ್ಪ ತೆಗಿ. ಪೂರ್ತಿ ತೆಗೀಬೇಡ, ಬೆಟ್ಟ ಮೂಗಿಗೆ ಬಂದು ಅಂಟ್ಕೊಳ್ಳತ್ತೆ" ಎಂದು ಹೊರಗೆ ಹೋದರು.

ಪುಕ್ಕಲಣ್ಣ ಹಾಲಿನ ಕೆನೆ ತೆಗೆದಂತೆ ಮಬ್ಬು ತೆಗೆಯತೊಡಗಿದ. ಬಂಡೆಯ ತುದಿಯಲ್ಲಿ ನೀಲಿ ಅಂಗಿಯವನೊಬ್ಬ ಕಂಡ. ಎರಡೂ ಕೈ ಮೇಲೆತ್ತಿದ್ದ. ಮುಂದೆ ಪ್ರಪಾತ. ಗಾಬರಿಯಲ್ಲಿ ಪುಕ್ಕಲಣ್ಣ ಉಳಿದ ಮಬ್ಬನ್ನೂ ತೆಗೆದು, ಮೂಲ ಚಿತ್ರದ ಮೇಲೆಯೇ ಸೇವ್ ಮಾಡಿಬಿಟ್ಟ.

ಪಕ್ಕದಂಗಡಿಯ ಟೈಲರೂ ಕ್ಷೌರಿಕನೂ ಬಂದು ನೋಡಿದರು.

"ಹಾರೋಕೇ ನಿಂತಿದಾನೆ" ಎಂದ ಕ್ಷೌರಿಕ.

"ತೋಳು ಗಿಡ್ಡ ಆಗಿದೆ. ಇಂಥ ಹೊಲಿಗೆ ಹಾಕ್ಕೊಂಡ್ರೆ ಯಾರಿಗಾದ್ರೂ ಹಾರ್ಬೇಕು ಅನ್ಸತ್ತೆ" ಎಂದ ಟೈಲರ್.

"ಫೋಟೋ ನಿನ್ನೆ ತೆಗೆದಿದ್ದು..." ಎಂದ ಪುಕ್ಕಲಣ್ಣ.

"ನೋಡಿದವನು ನೀನು, ಪುಕ್ಕಲಣ್ಣ. ನೋಡಿನೂ ಸುಮ್ನೆ ಕೂತಿದ್ದೆ ಅಂತ ನಾಳೆ ಯಾರಾದ್ರೂ ಕೇಳಿದ್ರೆ?" ಎಂದ ಕ್ಷೌರಿಕ.

ಆ ಮಾತಿಗೆ ಪುಕ್ಕಲಣ್ಣ ಚಪ್ಪಲಿ ಮೆಟ್ಟಿದ. ಮೂವರೂ ಬಸ್ಸು ಹಿಡಿದರು. ಬೆಟ್ಟದ ಅರ್ಧದಲ್ಲಿ ಕ್ಷೌರಿಕನಿಗೆ ಮಂಡಿ ನೋವು ಬಂತು. ಅವನನ್ನು ನೋಡಿಕೊಳ್ಳಲು ಟೈಲರ್ ಉಳಿದ. ಪುಕ್ಕಲಣ್ಣ ಕಣ್ಣು ಅರ್ಧ ಮುಚ್ಚಿಕೊಂಡು ಹಲ್ಲಿಯಂತೆ ತೆವಳುತ್ತ ತುದಿ ಮುಟ್ಟಿದ.

ಅಲ್ಲಿದ್ದದ್ದು ಎರಡು ಕೊಂಬೆಯ ಒಣ ಮೋಟುಮರ, ಅದಕ್ಕೆ ತೊಡಿಸಿದ ನೀಲಿ ಅಂಗಿ. ಇನ್ನೊಬ್ಬ ಹೀಗೆ ಹೆದರಬಾರದೆಂದು ಅವನು ಅಂಗಿಸಮೇತ ಆ ಮೋಟನ್ನು ಕಿತ್ತು, ಸಾಕ್ಷಿಗಿರಲಿ ಎಂದು ಹೊತ್ತು ತಂದ. ದಾರಿಯಲ್ಲಿ ಅವನು ಜಾರಿಬಿದ್ದಾಗ ಅದು ಮೂರು ತುಂಡಾಯಿತು.

ಸಂಜೆ ಸ್ಟುಡಿಯೋದಲ್ಲಿ ಮಾಲೀಕರೊಂದಿಗೆ, ಕ್ಯಾಲೆಂಡರ್ ಮಾಡಿಸುತ್ತಿದ್ದ ಯಜಮಾನರು ತಿದ್ದಿದ ಚಿತ್ರ ನೋಡುತ್ತ ಕೂತಿದ್ದರು.

"ಆ ಮನುಷ್ಯ ನಿಂತಿರೋದ್ರಿಂದ್ಲೇ ರೀ ಕಣಿವೆ ಎಷ್ಟು ಆಳ ಅಂತ ತಿಳಿಯೋದು. ಆದ್ರೆ ಮಬ್ಬೆಲ್ಲ ತೆಗ್ದು ಬೆಟ್ಟಾನ ಗೋಡೆಗೆ ಅಂಟಿಸಿದ ಹಾಗೆ ಮಾಡಿದೀರ. ಮಬ್ಬೂ ಇರ್ಬೇಕು, ಅವನೂ ಕಾಣ್ಬೇಕು. ನಾಳೆ ಬೆಳಿಗ್ಗೆ ಇನ್ನೊಂದು ತೆಗೀರಿ" ಎಂದರು.

ಮಾಲೀಕರು ಮೂರು ತುಂಡುಗಳನ್ನು ನೋಡಿದರು. ಆಮೇಲೆ ಪುಕ್ಕಲಣ್ಣನನ್ನು ನೋಡಿದರು. ಟೈಲರ್ ಅಂಗಿಯನ್ನು ಅವನ ಬೆನ್ನಿಗೆ ಹಿಡಿದು, "ಅಳತೆ ಸರಿಯಾಗಿದೆ" ಎಂದ.

"ಕೈ... ಎರಡೂ ಎತ್ತಬೇಕಾ ಸಾರ್?" ಎಂದು ಪುಕ್ಕಲಣ್ಣ ಕೇಳಿದ.

"ಹ್ಞೂಂ, ಎರಡೂ."

ಆ ಅಂಗಿಯನ್ನು ಅಲ್ಲಿ ಬಿಟ್ಟುಹೋದವನು ಯಾರು, ಅವನು ಬೆಟ್ಟ ಇಳಿದದ್ದು ಯಾವ ಕಡೆಯಿಂದ ಎಂಬುದು ಮಾತ್ರ ನನಗೆ ಇಂದಿಗೂ ತಿಳಿದಿಲ್ಲ.