ಕೇಳದ ಮಕ್ಕಳ ಟೀಚರಮ್ಮ

ಕಿವಿ ಕೇಳದ, ಕಣ್ಣು ಕಾಣದ, ಪಾಠ ನಿಧಾನವಾಗಿ ತಲೆಗೆ ಹತ್ತುವ ಮಕ್ಕಳಿಗೆ ನಾನು ಟೀಚರ್ ಆಗಿದ್ದೆ ಅಂದರೆ ಜನ ಈಗಲೂ "ಅಯ್ಯೋ ಪಾಪ" ಅನ್ನುತ್ತಾರೆ. ಪಾಪ ಯಾರು, ನಾನೋ ಮಕ್ಕಳೋ, ಅದನ್ನು ಮಾತ್ರ ಹೇಳುವುದಿಲ್ಲ. ಎಪ್ಪತ್ತರ ದಶಕದ ಕೊನೆಯಿಂದ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಅಂತ ವರ್ಗವಾದ ಕಡೆಯಲ್ಲೆಲ್ಲ ಏನಾದರೊಂದು ಆಗುತ್ತಲೇ ಇತ್ತು. ಆ ಹೊತ್ತಿನಲ್ಲಿ ನಗುವ ಹಾಗಿರಲಿಲ್ಲ. ಮನೆಗೆ ಬಂದು ಬಾಗಿಲು ಹಾಕಿಕೊಂಡು ನಗಬೇಕಿತ್ತು.

ಕೇಳದವರು

ಮೊದಲು ಹೋಗಿದ್ದು ಚನ್ನಗಿರಿಗೆ. ಹೆಡ್ ಮಾಸ್ತರು ನನ್ನ ಆರ್ಡರ್ ಓದಿ, "ವಿಶೇಷ ಶಿಕ್ಷಕಿ ಅಂದ್ರೆ ಏನಮ್ಮ? ಹೊಲಿಗೆನಾ, ಸಂಗೀತಾನಾ?" ಅಂದರು.

"ಅಲ್ಲ ಸಾರ್, ಕಿವಿ ಕೇಳದ ಮಕ್ಕಳಿಗೆ ಪಾಠ ಹೇಳಾಕೆ."

"ನಮ್ಮ ಸ್ಕೂಲಿನಾಗೆ ಅಂಥವು ಯಾವೂ ಇಲ್ಲವಲ್ಲ."

"ಇರ್ತಾವೆ ಸಾರ್. ಸುಮ್ಮನೆ ಕೂತಿರ್ತಾವೆ, ಯಾರಿಗೂ ಗೊತ್ತಾಗಿರಲ್ಲ."

ಒಳ್ಳೆಯ ಮನುಷ್ಯ. ಕೂಡಲೇ ಜವಾನನನ್ನು ಕರೆದು ಎಲ್ಲ ಕ್ಲಾಸಿಗೂ ಹೇಳಿ ಕಳಿಸಿದರು: "ಕೇಳದ ಮಕ್ಕಳನ್ನೆಲ್ಲ ಹೊಸ ಟೀಚರ್ ಹತ್ರ ಕಳಿಸಬೇಕಂತೆ."

ಅರ್ಧ ಗಂಟೆಯೊಳಗೆ ನನ್ನ ರೂಮು ತುಂಬಿತು. ಹಂಚಿನ ಮೇಲೆ ಕಲ್ಲೆಸೆದವನು, ಮೇಷ್ಟ್ರ ಸೈಕಲ್ಲಿನ ಗಾಳಿ ಬಿಟ್ಟವನು, ಪಕ್ಕದವಳ ಜಡೆಯನ್ನು ಬೆಂಚಿಗೆ ಕಟ್ಟಿದವಳು, ಎಲ್ಲರೂ ಬಂದರು. ಒಬ್ಬ ಮೇಷ್ಟ್ರಂತೂ ಇಬ್ಬರು ಹುಡುಗರ ಕಿವಿ ಹಿಡಿದುಕೊಂಡು ತಾವೇ ಬಂದರು. "ಇವ್ರಿಬ್ರೂ ಹುಟ್ಟಿದಾಗಿಂದ ಕೇಳಲ್ಲ ಮೇಡಂ. ಬೆತ್ತದಾಗೆ ಹೇಳಿದ್ರೂ ಕೇಳಲ್ಲ."

ನಾನು ಅವರೆಲ್ಲರ ಬೆನ್ನ ಹಿಂದೆ ನಿಂತು ಚಪ್ಪಾಳೆ ಹೊಡೆದೆ. ಅಷ್ಟೂ ತಲೆ ತಿರುಗಿದವು. ಎಲ್ಲರನ್ನೂ ವಾಪಸ್ಸು ಕಳಿಸಿ, ಕ್ಲಾಸಿಂದ ಕ್ಲಾಸಿಗೆ ನಾನೇ ಹೋಗಿ ಹಿಂದಿನಿಂದ ಚಪ್ಪಾಳೆ ಹೊಡೆಯುತ್ತಾ ಬಂದೆ. ನಾಲ್ಕನೇ ಕ್ಲಾಸಿನಲ್ಲಿ ಒಬ್ಬ ಹುಡುಗಿ ತಿರುಗಲಿಲ್ಲ. ಮತ್ತೆ ಜೋರಾಗಿ ಹೊಡೆದೆ. ಅವಳು ಕೈಕಟ್ಟಿಕೊಂಡು ಬೋರ್ಡನ್ನೇ ನೋಡುತ್ತಿದ್ದಳು.

"ಈ ಹುಡುಗಿಗೆ ಕಿವಿ ಕೇಳಲ್ಲ ಸಾರ್" ಅಂದೆ.

ಮೇಷ್ಟ್ರಿಗೆ ನಂಬಿಕೆಯೇ ಬರಲಿಲ್ಲ. "ಯಾರು, ಅವಳಾ? ಏನ್ ಹೇಳ್ತೀರಿ ಮೇಡಂ! ಇಡೀ ಕ್ಲಾಸಿನಾಗೆ ಮಾತು ಕೇಳೋ ಹುಡುಗಿ ಅಂದ್ರೆ ಅವಳೊಬ್ಳೇ!"

ಸ್ವಿಚ್ಚು

ಆಗಿನ ಕಿವಿ ಮಿಷನ್ನು ಈಗಿನ ಹಾಗೆ ಕಿವಿಯೊಳಗೆ ಅಡಗುತ್ತಿರಲಿಲ್ಲ. ಬೆಂಕಿಪೊಟ್ಟಣಕ್ಕಿಂತ ದೊಡ್ಡದೊಂದು ಡಬ್ಬಿಯನ್ನು ಎದೆಗೆ ಕಟ್ಟಿ, ಅದರಿಂದ ವೈರನ್ನು ಕಿವಿಗೆ ಎಳೆಯಬೇಕು. ಸೂಳೆಕೆರೆ ಕಡೆಯ ಒಬ್ಬ ಹುಡುಗನಿಗೆ ಅಂಥದ್ದೊಂದು ಸಿಕ್ಕಿತು. ಹೆಂಗೆ ನಡೀತಿದೆ ನೋಡೋಣ ಅಂತ ಅವರ ಮನೆಗೆ ಹೋದೆ.

ಅಜ್ಜಿ ಬಾಗಿಲಲ್ಲೇ ಹಿಡಿದುಕೊಂಡಳು. "ಬರೀ ಮೋಸ ಕಣವ್ವ ಇದು! ಅವ್ವ ಕರೆದ್ರೆ ಕೇಳ್ತೈತಂತೆ, ಅಪ್ಪ ಕರೆದ್ರೆ ಕೇಳ್ತೈತಂತೆ. ನಾನು ಬಾಯಿ ತೆಗೆದ ಕೂಡ್ಲೆ ಕೆಟ್ಟು ಹೋಗ್ತೈತಂತೆ."

ಹುಡುಗನನ್ನು ಕರೆದು ಡಬ್ಬಿ ನೋಡಿದೆ. ಸ್ವಿಚ್ಚು ಆರಿಸಿತ್ತು. ಹಾಕಿದೆ. ಅಜ್ಜಿ ಮತ್ತೆ ಶುರು ಮಾಡಿದಳು: ಅವನ ಎಮ್ಮೆ ಮೇಯಿಸುವ ರೀತಿ, ಮೀನು ಹಿಡಿಯುವವರ ಹಿಂದೆ ಅಲೆಯುವ ರೀತಿ, ತಲೆಗೆ ಎಣ್ಣೆ ಹಚ್ಚಿಕೊಳ್ಳದ ರೀತಿ. ಹುಡುಗನ ಹೆಬ್ಬೆರಳು ಮೆಲ್ಲಗೆ ಅಂಗಿಯೊಳಗೆ ಹೋಗಿದ್ದನ್ನು ನಾನೇ ಕಣ್ಣಾರೆ ನೋಡಿದೆ. ಮುಖದಲ್ಲಿ ಎಂಥ ನೆಮ್ಮದಿ ಅಂತೀರಿ!

ಅವನಿಗೆ ಬುದ್ಧಿ ಹೇಳಿ ಹೊರಟೆ. ಬಸ್ಸಿಗೆ ಕಾಯುತ್ತಿದ್ದಾಗ ಅವರಪ್ಪ ಓಡಿ ಬಂದು, ಆ ಕಡೆ ಈ ಕಡೆ ನೋಡಿ ಮೆಲ್ಲಗೆ ಕೇಳಿದ:

"ಮೇಡಮ್ಮಾರೆ, ಇಂಥದ್ದು ದೊಡ್ಡೋರಿಗೂ ಸಿಗ್ತೈತೇನ್ರಿ?"

"ಯಾಕಪ್ಪ, ನಿನಗೂ ಕಿವಿ ಕೇಳಲ್ವಾ?"

"ಚೆನ್ನಾಗಿ ಕೇಳ್ತೈತ್ರಿ. ಅದೇ ಕಷ್ಟ ಆಗಿರೋದು."

ಕಣ್ಣು ಮುಚ್ಚಿ

ಹೊನ್ನಾಳಿಯಲ್ಲಿ ನನ್ನ ಹತ್ತಿರ ಹುಟ್ಟುಗುರುಡ ಹುಡುಗನೊಬ್ಬ ಇದ್ದ. ಬ್ರೈಲ್ ಅಂದರೆ ದಪ್ಪ ಹಾಳೆಯ ಮೇಲೆ ಎದ್ದಿರುವ ಚುಕ್ಕೆಗಳು. ಅವನ್ನು ಬೆರಳಲ್ಲಿ ಮುಟ್ಟಿ ನೀರು ಕುಡಿದ ಹಾಗೆ ಓದುತ್ತಿದ್ದ. ಒಂದು ದಿನ ಇನ್ಸ್‌ಪೆಕ್ಟರ್ ಸಾಹೇಬರು ಶಾಲೆ ನೋಡಲು ಬಂದರು. ಹಾಳೆ ಎತ್ತಿ ನೋಡಿ, "ಏನ್ರಿ ಇದು, ಹುಡುಗನಿಗೆ ಖಾಲಿ ಹಾಳೆ ಕೊಟ್ಟು ಕೂರಿಸಿದೀರಿ?" ಅಂದರು.

"ಖಾಲಿ ಅಲ್ಲ ಸಾರ್, ಅವನು ಓದ್ತಾನೆ" ಅಂದೆ.

ಹುಡುಗ ಹೊಳೆಯ ಬಗ್ಗೆ ಇದ್ದ ಪಾಠವನ್ನು ಗಡಗಡ ಓದಿದ. ಸಾಹೇಬರು ತಲೆ ಅಲ್ಲಾಡಿಸಿದರು. "ಬಾಯಿಪಾಠ ಮಾಡಿಸಿದೀರಿ."

ಇನ್ನೊಂದು ಹಾಳೆ ಕೊಟ್ಟೆ. ಅದನ್ನೂ ಓದಿದ. ಸಾಹೇಬರಿಗೆ ಅನುಮಾನ ಹೋಗಲಿಲ್ಲ. ಸರ್ಕಾರದ ಕಣ್ಣಿಗೆ ಮಣ್ಣೆರಚುವ ಬಹಳ ಜನರನ್ನು ನೋಡಿದವರು. ಹುಡುಗನ ಮುಂದೆ ಕುರ್ಚಿ ಎಳೆದುಕೊಂಡು ಕೂತು, ಬೆರಳು ಎತ್ತಿ, ಗಟ್ಟಿಯಾಗಿ ಹೇಳಿದರು:

"ಹಂಗಲ್ಲ. ಈಗ ಕಣ್ಣು ಮುಚ್ಚಿಕೊಂಡು ಓದು ನೋಡೋಣ!"

ನಾನು ಗೋಡೆಯ ಕಡೆ ತಿರುಗಿದೆ. ಹೆಡ್ ಮಾಸ್ತರಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು. ಹುಡುಗ ಮಾತ್ರ ವಿಧೇಯ. ಎರಡು ಕಣ್ಣನ್ನೂ ಬಿಗಿಯಾಗಿ ಮುಚ್ಚಿ, ಒಂದಕ್ಷರ ತಪ್ಪದೆ ಪೂರ್ತಿ ಪುಟ ಓದಿ, ಕೊನೆಗೆ ಕೇಳಿದ:

"ಮುಗೀತು ಸಾರ್. ಈಗ ಕಣ್ಣು ಬಿಡ್ಲಾ?"

ತಟ್ಟೆ

ನ್ಯಾಮತಿಯ ಕಿರಾಣಿ ಅಂಗಡಿಯವರ ಎರಡನೇ ಮಗಳಿಗೆ ವಯಸ್ಸು ಹದಿನಾಲ್ಕಾದರೂ ಬುದ್ಧಿ ಚಿಕ್ಕ ಮಗುವಿನದು. ಅಂಥ ಮಕ್ಕಳಿಗೆ ಮಗ್ಗಿಗಿಂತ ಮನೆಯ ರೀತಿ ಕಲಿಸುವುದು ಮೊದಲು. ಬಂದವರಿಗೆ ನಮಸ್ಕಾರ ಅನ್ನು, ಕೂತ್ಕೊಳ್ರಿ ಅನ್ನು, ನೀರು ಕೊಡು. ತಿಂದ ಮೇಲೆ ಅವರವರ ತಟ್ಟೆ ಅವರವರೇ ತೊಳೆಯಬೇಕು. ಇಷ್ಟನ್ನೇ ದಿನಾ ಶಾಲೆಯ ಉಪ್ಪಿಟ್ಟಿನ ಹೊತ್ತಿನಲ್ಲಿ ಮಾಡಿಸುತ್ತಿದ್ದೆ.

ಅವಳ ಅಕ್ಕನನ್ನು ನೋಡಲು ಗಂಡಿನ ಕಡೆಯವರು ಬರುವ ದಿನ, ತಾಯಿ ಇವಳನ್ನು ನಮ್ಮ ಮನೆಗೆ ಕರೆತಂದಳು. "ಸಂಜೆ ತನಕ ಇಟ್ಕೊಂಡಿರ್ರಿ ಟೀಚರಮ್ಮ. ಇವಳನ್ನ ನೋಡಿದ್ರೆ ದೊಡ್ಡವಳ ಮದುವೆ ತಪ್ಪಿ ಹೋಗ್ತೈತೆ." ಹೇಳುತ್ತಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ನನಗೆ ಮನಸ್ಸಿರಲಿಲ್ಲ. ಆದರೂ ಒಪ್ಪಿದೆ.

ನಾನು ಹಿತ್ತಲಿಗೆ ಹೋಗಿ ಬರುವಷ್ಟರಲ್ಲಿ ಹುಡುಗಿ ಇಲ್ಲ! ನಾಲ್ಕು ಮನೆ ಆಚೆಗೇ ಅವರ ಮನೆ. ಓಡಿದೆ. ಅಲ್ಲಿ ನೋಡಿದರೆ ನಮಸ್ಕಾರ ಮುಗಿದಿತ್ತು, ನೀರು ಕೊಟ್ಟಾಗಿತ್ತು. ಗಂಡು, ಅವನ ಅಪ್ಪ, ಸೋದರಮಾವ ಚಾಪೆಯ ಮೇಲೆ ಕೂತು ಉಪ್ಪಿಟ್ಟು ತಿಂದು ಮುಗಿಸಿದ್ದರು. ತಾಯಿ ಅಡುಗೆಮನೆ ಬಾಗಿಲಲ್ಲಿ ಬೆವರುತ್ತಾ ನಿಂತಿದ್ದಳು. ಹುಡುಗಿ ನಡುಮನೆಯಲ್ಲಿ ಸೊಂಟದ ಮೇಲೆ ಕೈಯಿಟ್ಟುಕೊಂಡು, ಥೇಟ್ ನನ್ನ ಧ್ವನಿಯಲ್ಲೇ ಅಂದಳು:

"ತಿಂದಾಯ್ತಲ್ಲ? ಏಳ್ರಿ. ತಟ್ಟೆ ತೊಳೀರಿ."

ಮೊದಲು ಗಂಡು ಎದ್ದ. ಆಮೇಲೆ ಸೋದರಮಾವ. ಕೊನೆಗೆ ಗಂಡಿನ ಅಪ್ಪನೂ ಪಂಚೆ ಎತ್ತಿ ಕಟ್ಟಿ ಹಿತ್ತಲಿನ ಕಲ್ಲಿನ ಹತ್ತಿರ ಕೂತ. ಹುಡುಗಿ ಒಂದೊಂದೇ ತಟ್ಟೆ ತಿರುಗಿಸಿ ನೋಡಿ, ಗಂಡಿನ ಅಪ್ಪನದನ್ನು ವಾಪಸ್ಸು ಕೊಟ್ಟಳು. "ಸರಿಯಾಗಿಲ್ಲ. ಇನ್ನೊಂದ್ಸಲ ತಿಕ್ಕು."

ತಾಯಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅಷ್ಟರಲ್ಲಿ, ಅಡುಗೆಮನೆಯಿಂದ ಇದನ್ನೆಲ್ಲ ನೋಡುತ್ತಿದ್ದ ಗಂಡಿನ ತಾಯಿ ನಗು ತಡೆಯಲಾರದೆ ಗೋಡೆ ಹಿಡಿದುಕೊಂಡಳು. "ಮದುವೆಯಾಗಿ ಬಂದಾಗಿಂದ ನನ್ನ ಕೈಲಿ ಆಗದ ಕೆಲಸ ಇದು! ಹೆಣ್ಣು ನಮಗೆ ಒಪ್ಪಿಗೆ ಐತೆ ಕಣವ್ವ. ಆದ್ರೆ ಮದುವೆ ಆದ್ಮೇಲೆ ಆವಾಗಾವಾಗ ಈ ತಂಗೀನ ನಮ್ಮನೆಗೆ ಕಳಿಸ್ತಿರಬೇಕು."

ತುಟಿ ನೋಡಿ

ಜಗಳೂರಿನಲ್ಲಿ ನಮ್ಮ ಮಕ್ಕಳಿಗೆ ರೂಮೇ ಇರಲಿಲ್ಲ. ಜಗುಲಿಯಲ್ಲಿ ಕೂತರೆ ಗಾಳಿಗೆ ಹಾಳೆ ಹಾರುತ್ತಿತ್ತು, ಆಡುಗಳು ಬಂದು ಮೂಸುತ್ತಿದ್ದವು. ಕೇಳಿ ಕೇಳಿ ಸಾಕಾಗಿತ್ತು. ಶಾಲಾ ವಾರ್ಷಿಕೋತ್ಸವಕ್ಕೆ ತಾಲ್ಲೂಕು ಬೋರ್ಡಿನ ಅಧ್ಯಕ್ಷರು ಬರುತ್ತಾರೆ, ರೂಮು ಕೊಡಿಸುವುದು ಅವರ ಕೈಲಿದೆ ಅಂತ ಗೊತ್ತಾಯಿತು. ಅವರ ಮುಂದೆ ನಮ್ಮ ಕಿವುಡ ಹುಡುಗಿಯೊಬ್ಬಳಿಂದ ತುಟಿ ನೋಡಿ ಮಾತು ಹಿಡಿಯುವ ವಿದ್ಯೆ ತೋರಿಸೋಣ ಅಂತ ಹೆಡ್ ಮಾಸ್ತರನ್ನು ಒಪ್ಪಿಸಿದೆ. ಹುಡುಗಿ ಚುರುಕು. ಒಂದೇ ಒಂದು ತೊಂದರೆ ಅಂದರೆ, ತನ್ನ ಧ್ವನಿ ತನಗೆ ಕೇಳಿಸದ ಕಾರಣ ಮೆಲ್ಲಗೆ ಮಾತಾಡುವುದು ಅವಳಿಗೆ ಬರುತ್ತಿರಲಿಲ್ಲ.

ಅಧ್ಯಕ್ಷರು ಭಾಷಣಕ್ಕೆ ನಿಂತವರು ನಿಂತೇ ನಿಂತರು. ಬಿಸಿಲು ನೆತ್ತಿಗೆ ಬಂತು. ಮಕ್ಕಳು ತೂಕಡಿಸಿದರು. ಆಮೇಲೆ ನನ್ನ ಹುಡುಗಿಯನ್ನು ಮೈಕಿನ ಹತ್ತಿರ ಕರೆದರು. ಅಧ್ಯಕ್ಷರು ಸದ್ದಿಲ್ಲದೆ ತುಟಿ ಆಡಿಸಿದರು.

"ಜಗಳೂರು!" ಅಂದಳು ಹುಡುಗಿ. ಜನ ಚಪ್ಪಾಳೆ ಹೊಡೆದರು.

ಮತ್ತೆ ತುಟಿ ಆಡಿಸಿದರು.

"ನಿನ್ನ ಹೆಸರೇನು!"

ಅಧ್ಯಕ್ಷರಿಗೆ ಬಲು ಖುಷಿಯಾಯಿತು. ಇನ್ನೂ ಆಟ ಬೇಕೆನಿಸಿತು. ವೇದಿಕೆಯ ಆ ತುದಿಯಲ್ಲಿ ನಮ್ಮ ಹೆಡ್ ಮಾಸ್ತರು ಡ್ರಿಲ್ ಮೇಷ್ಟ್ರಿಗೆ ಏನೋ ಪಿಸುಗುಡುತ್ತಿದ್ದರು. ಅಧ್ಯಕ್ಷರು ಹುಡುಗಿಯ ಭುಜ ಹಿಡಿದು ಅತ್ತ ತಿರುಗಿಸಿ, ಕೈ ಸನ್ನೆ ಮಾಡಿದರು: ಅವರೇನು ಹೇಳ್ತಿದಾರೆ, ಹೇಳು.

ನಾನು ಎದ್ದು ಓಡುವಷ್ಟರಲ್ಲಿ ಹುಡುಗಿ ಮೈಕಿಗೆ ಬಾಯಿಟ್ಟು ಊರಿಗೆಲ್ಲ ಕೇಳುವ ಹಾಗೆ ಹೇಳಿಬಿಟ್ಟಳು:

"ಈಯಪ್ಪ ಇವತ್ತು ಮೈಕು ಬಿಡೋ ಹಂಗೆ ಕಾಣಲ್ಲ! ಅನ್ನ ಆರ್ತೈತೆ! ಅಡಿಗೆಯೋರಿಗೆ ಮುಚ್ಚಿಡಾಕೆ ಹೇಳು!"

ಹೆಡ್ ಮಾಸ್ತರು ಹೂವಿನ ಹಾರದ ಹಿಂದೆ ಮುಖ ಮರೆಮಾಡಿಕೊಂಡರು. ನಮ್ಮ ರೂಮು ಹೋಯಿತು, ನನಗೆ ಇನ್ನೊಂದು ವರ್ಗಾವಣೆ ಗ್ಯಾರಂಟಿ ಅಂದುಕೊಂಡೆ. ಅಧ್ಯಕ್ಷರು ಹೆಡ್ ಮಾಸ್ತರನ್ನು ನೋಡಿದರು, ಹುಡುಗಿಯನ್ನು ನೋಡಿದರು, ತಮ್ಮ ಜೊತೆ ಬಂದಿದ್ದ ಬೋರ್ಡಿನ ಮೆಂಬರುಗಳ ಸಾಲನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನೋಡಿದರು. ಆಮೇಲೆ ಮೈಕು ಹಿಡಿದರು.

"ಈ ಮಕ್ಕಳಿಗೆ ರೂಮು ಕೊಡಿಸೋದು ನನ್ನ ಜವಾಬ್ದಾರಿ. ಟೀಚರಮ್ಮ, ನನ್ನದೊಂದು ಶರತ್ತು ಐತೆ. ಬೋರ್ಡಿನ ಮುಂದಿನ ಮೀಟಿಂಗಿಗೆ ಈ ಹುಡುಗೀನ ಕರ್ಕೊಂಡು ಬಂದು ನನ್ನ ಪಕ್ಕದಾಗೆ ಕೂರಿಸ್ಬೇಕು."

ಅಷ್ಟು ಹೇಳಿದ್ದೇ ತಡ, ವೇದಿಕೆಯ ಮೇಲಿದ್ದ ಮೆಂಬರುಗಳೆಲ್ಲ ಒಬ್ಬೊಬ್ಬರಾಗಿ ಕರ್ಚೀಪು ತೆಗೆದು ಬಾಯಿ ಒರೆಸಿಕೊಳ್ಳತೊಡಗಿದರು.