ಎರಡು ಆಟದ ಭಾವಮೈದುನ

ಆಟ ಬಾರದ ಗಂಡಸರು ಬಹಳ ಜನ ಇದ್ದಾರೆ. ಅದನ್ನು ಒಪ್ಪಿಕೊಳ್ಳುವವರು ಕಡಿಮೆ. ಹೆಚ್ಚಿನವರು, “ಕಾಲೇಜಿನಲ್ಲಿ ಚೆನ್ನಾಗಿ ಆಡುತ್ತಿದ್ದೆ, ಆಮೇಲೆ ಮೊಣಕಾಲು ಕೈಕೊಟ್ಟಿತು” ಎಂದುಬಿಡುತ್ತಾರೆ. ನನ್ನ ಮೊಣಕಾಲು ಯಾವತ್ತೂ ಕೈಕೊಟ್ಟಿಲ್ಲ. ಅದಕ್ಕೆ ನಾನು ಅಂಥ ಸಂದರ್ಭವನ್ನೇ ಒದಗಿಸಲಿಲ್ಲ. ಧಾರವಾಡದ ಶಾಲೆಯಲ್ಲಿ ಡ್ರಿಲ್ ಮಾಸ್ತರರು ನನ್ನನ್ನು ಒಂದೇ ಒಂದು ಸಲ ಪರೀಕ್ಷಿಸಿ, ಆಡುವವರ ಅಂಗಿಗಳನ್ನು ಕಾಯುವುದಕ್ಕೆ ಕೂರಿಸಿದರು. ಅದರಲ್ಲೂ ಒಂದು ಅಂಗಿ ಕಳೆದುಹೋಯಿತು.

ಇಂಥವನ ಮನೆಗೆ ಐವತ್ತರ ದಶಕದ ನಡುವಿನಲ್ಲಿ ವಸಂತ ಬಂದ. ವಸಂತ ಎಂದರೆ ನನ್ನ ಹೆಂಡತಿ ಶಾಂತಾಳ ತಮ್ಮ. ಆಗ ನಾವು ಮುಂಬಯಿಯ ಗ್ರಾಂಟ್ ರೋಡಿನ ಒಂದು ಚಾಳಿನಲ್ಲಿ ಒಂದೇ ಖೋಲಿಯ ಮನೆಯಲ್ಲಿದ್ದೆವು. ಧಾರವಾಡದಿಂದ ಬಂದವನ ಕೈಯಲ್ಲಿ ಟ್ರಂಕು ಚಿಕ್ಕದಿತ್ತು, ಬಗಲಲ್ಲಿದ್ದ ಗಂಟು ದೊಡ್ಡದಿತ್ತು. ಗಂಟು ಬಿಚ್ಚಿದರೆ ಕ್ರಿಕೆಟ್ ಬ್ಯಾಟು, ಪ್ಯಾಡು, ಹಾಕಿ ಕೋಲು, ಕಾಲಿಗೆ ಕಟ್ಟುವ ಗಾರ್ಡುಗಳು. ನಮ್ಮ ಸೌಟು, ಜರಡಿಗಳು ನೇತಾಡುತ್ತಿದ್ದ ಮೊಳೆಗಳೆಲ್ಲ ಒಂದೇ ದಿನದಲ್ಲಿ ಅವನ ಪಾಲಾದವು. ಗ್ಯಾಲರಿಯಲ್ಲಿ ಶಾಂತಾ ಒಣಹಾಕಿದ ಹಪ್ಪಳದ ಪಕ್ಕದಲ್ಲೇ ಅವನ ಬೆವರಿನ ಗಾರ್ಡುಗಳು ಒಣಗುತ್ತಿದ್ದವು. ಹಪ್ಪಳದ ರುಚಿಯಲ್ಲಿ ವ್ಯತ್ಯಾಸವಾಗಿದೆ ಎಂದು ನಾನು ಒಮ್ಮೆ ಸೂಚಿಸಿದೆ. “ಅಂವಗೇನೂ ಅನಬ್ಯಾಡ್ರಿ. ಹಪ್ಪಳಾ ಬೇಕಾದ್ರ ತಿನಬ್ಯಾಡ್ರಿ,” ಎಂದಳು ಶಾಂತಾ.

ಆಗಿನ ಮುಂಬಯಿಯಲ್ಲಿ ಒಂದೇ ಆಟ ಆಡುವವನನ್ನು ಅರ್ಧ ಆಟಗಾರನೆಂದು ತಿಳಿಯುತ್ತಿದ್ದರೇನೋ. ಚಳಿಗಾಲದಲ್ಲಿ ಸ್ಟಂಪಿನ ಹಿಂದೆ ಕೂತವನು ಮಳೆಗಾಲದಲ್ಲಿ ಫುಟ್‌ಬಾಲಿನ ಗೋಲು ಕಾಯುತ್ತಿದ್ದ. ಶತಕ ಹೊಡೆದವನ ಹೆಸರು ಮುಂದಿನ ತಿಂಗಳು ಟೆನಿಸ್ಸಿನ ಸುದ್ದಿಯಲ್ಲಿರುತ್ತಿತ್ತು. ನಮ್ಮ ವಸಂತ ಕ್ರಿಕೆಟ್ಟಿನಲ್ಲಿ ವೇಗದ ಬೌಲರ್, ಹಾಕಿಯಲ್ಲಿ ಫಾರ್ವರ್ಡ್. ಮುಂದೆ ಆಫೀಸು ಸೇರಿದ ಮೇಲೆ, ಮಧ್ಯಾಹ್ನ ಡಬ್ಬಿಗಳನ್ನು ಸರಿಸಿ ಊಟದ ಮೇಜಿನ ಮೇಲೆ ಟೇಬಲ್ ಟೆನಿಸ್ಸನ್ನೂ ಆಡುತ್ತಿದ್ದ. ಮನೆಯಲ್ಲಿ ಶೆಲ್ಫಿನಿಂದ ಜಾರಿದ ಅವಲಕ್ಕಿ ಡಬ್ಬಿಯನ್ನು ಅವನು ಪಾದದಿಂದ ತಡೆದು, ಮೇಲೆತ್ತಿ, ಕೈಯಲ್ಲಿ ಹಿಡಿದದ್ದನ್ನು ನಾನೇ ನೋಡಿದ್ದೇನೆ. ಒಂದು ಕಾಳೂ ಚೆಲ್ಲಲಿಲ್ಲ. ಅದನ್ನು ಜಾರಿಸಿದವನು ನಾನು.

ಫೋರ್ಟ್ ಭಾಗದಲ್ಲಿದ್ದ ನಮ್ಮ ವಿಮಾ ಆಫೀಸಿಗೆ ಒಂದು ಕ್ರಿಕೆಟ್ ತಂಡವಿತ್ತು. ಮ್ಯಾನೇಜರ್ ಪಾರ್ಸಿ ಮನುಷ್ಯ. ಎಲ್ಲರಿಗೂ ಅವರು ಸಾಹೇಬರು. ವಸಂತನ ಬೌಲಿಂಗನ್ನು ಅವರು ಮೈದಾನದಲ್ಲಿ ಅರ್ಧ ಗಂಟೆ ನೋಡಿ, ಮರುದಿನವೇ ಕ್ಲಾರ್ಕ್ ಕೆಲಸಕ್ಕೆ ತೆಗೆದುಕೊಂಡರು. ನಾನು ಅದೇ ಕೆಲಸಕ್ಕೆ ಗಣಿತ, ಇಂಗ್ಲಿಷು, ಟೈಪಿಂಗು ಎಲ್ಲದರಲ್ಲೂ ಪರೀಕ್ಷೆ ಕೊಟ್ಟಿದ್ದೆ. ಇರಲಿ. ಆದರೆ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಆಫೀಸುಗಳ ಪಂದ್ಯಾವಳಿಯಲ್ಲಿ ನಮ್ಮ ತಂಡ ಫೈನಲ್ ಮುಟ್ಟಿದಾಗ ಸಾಹೇಬರು ನನ್ನನ್ನು ಒಳಗೆ ಕರೆದರು.

“ಕುಲಕರ್ಣಿ, ಫೈನಲ್ ಭಾನುವಾರ. ನಿನ್ನ ಸಾಲಾ, ಆ ವಸಂತ, ಶನಿವಾರ ಮಧ್ಯಾಹ್ನ ಯಾವುದೋ ಕ್ಲಬ್ಬಿನ ಹಾಕಿ ಫೈನಲ್ ಆಡುತ್ತಾನಂತೆ. ಕೈಕಾಲು ಮುರಿದುಕೊಂಡರೆ ನನಗೆ ಬೌಲರ್ ಯಾರು?”

“ಹೇಳುತ್ತೇನೆ ಸಾಹೇಬ್.”

“ಹೇಳುವುದಲ್ಲ, ತಡೆಯಬೇಕು. ಅವನು ಕಾಯಂ ಆಗಬೇಕೋ ಬೇಡವೋ?”

ಮನೆಗೆ ಬಂದು ವಿಷಯ ತಿಳಿಸಿದೆ. ವಸಂತ ತಲೆ ತಗ್ಗಿಸಿ ಕೂತ. “ಮಾಮಾ, ಕ್ಲಬ್ಬಿನವರು ನನ್ನ ನಂಬ್ಯಾರ್ರಿ. ಹ್ಯಾಂಗ ಬಿಡ್ಲಿ?” ಎಂದ. ನೌಕರಿ ಹೋದರೆ ಊರಿಗೆ ಹೊರಡಬೇಕಾದೀತು ಎಂದೆ. ಅವನು ಹಾಕಿ ಕೋಲಿನ ಹಿಡಿಗೆ ಪಟ್ಟಿ ಸುತ್ತತೊಡಗಿದ. ಶಾಂತಾ ಮಾತ್ರ, “ಎರಡೂ ಆಡಾಂವಗ ಒಂದs ಆಡು ಅಂದ್ರ, ಎರಡು ಕಣ್ಣಿದ್ದಾಂವಗ ಒಂದು ಮುಚ್ಚಿಕೋ ಅಂದ್ಹಂಗ ಆತು,” ಎಂದಳು. ಆದರೂ ಅವಳ ಮುಖದಲ್ಲಿ ಚಿಂತೆ ಇತ್ತು. ತಮ್ಮನ ಸಂಬಳ ಕಾಯಂ ಆದ ಮೇಲೆ ಅವ್ವನನ್ನು ಮುಂಬಯಿಗೆ ಕರೆಸಿಕೊಳ್ಳುವ ಆಸೆ ಅವಳಿಗೆ.

ಶನಿವಾರ ಬೆಳಿಗ್ಗೆ ನಾನು ಜೀವನದಲ್ಲಿ ಮೊದಲ ಸಲ ಕ್ರೀಡಾಕ್ಷೇತ್ರದಲ್ಲಿ ಸ್ವಂತ ಉಪಾಯವೊಂದನ್ನು ಹೂಡಿದೆ. ವಸಂತ ಸ್ನಾನಕ್ಕೆ ಹೋದಾಗ ಅವನ ಹಾಕಿ ಕೋಲನ್ನು ಎತ್ತಿಕೊಂಡು ಆಫೀಸಿಗೆ ಹೊರಟುಬಿಟ್ಟೆ. ಕೋಲು ನನ್ನ ಮೇಜಿನ ಕೆಳಗಿದ್ದರೆ ಅವನು ಯಾವುದರಿಂದ ಆಡುತ್ತಾನೆ ಎಂಬುದು ನನ್ನ ಲೆಕ್ಕ. ಟ್ರಾಮಿನಲ್ಲಿ ಎಂದಿನಂತೆ ನೂಕುನುಗ್ಗಲು. ಆದರೆ ಕೋಲು ಕಂಡ ಕಂಡಕ್ಟರ್, “ಸಾಬ್, ಪೀಛೇ ಸೀಟ್ ಹೈ,” ಎಂದು ಜನರನ್ನು ಸರಿಸಿ ದಾರಿ ಮಾಡಿಕೊಟ್ಟ. ಪಕ್ಕದಲ್ಲಿದ್ದ ಮುದುಕರೊಬ್ಬರು ನನ್ನ ಹೊಟ್ಟೆಯನ್ನೂ ಕೋಲನ್ನೂ ಬಾರಿ ಬಾರಿಗೆ ನೋಡಿ, ಮರಾಠಿಯಲ್ಲಿ, ನೀವು ಯಾವ ಜಾಗದಲ್ಲಿ ಆಡುತ್ತೀರಿ ಎಂದು ಕೇಳಿದರು. “ಬ್ಯಾಕ್,” ಎಂದೆ. ಟ್ರಾಮಿನ ಹಿಂಭಾಗದಲ್ಲೇ ಕೂತಿದ್ದೆನಾದ್ದರಿಂದ ಅದು ಪೂರ್ತಿ ಸುಳ್ಳಲ್ಲ. ಈಗಿನ ಹುಡುಗರಲ್ಲಿ ಶಿಸ್ತಿಲ್ಲ ಎಂದರು. ನಾನೂ ಹೌದೆಂದೆ, ನಮ್ಮ ಕಾಲದಲ್ಲಿ ಹೀಗಿರಲಿಲ್ಲ ಎಂದೂ ಸೇರಿಸಿದೆ. ಇಳಿಯುವಾಗ ಮುದುಕರು ನನಗೆ ಶುಭ ಕೋರಿದರು.

ಶನಿವಾರ ಅರ್ಧ ದಿನದ ಆಫೀಸು. ಮುಗಿದಾಗ ನೋಡಿದರೆ ವಸಂತ ಕುರ್ಚಿಯಲ್ಲಿರಲಿಲ್ಲ. ಅನುಮಾನ ಬಂದು ಚರ್ಚ್‌ಗೇಟಿನ ಬಳಿಯ ಹಾಕಿ ಮೈದಾನಕ್ಕೆ, ಕೋಲು ಸಮೇತ, ನಡೆದೆ. ಆಟ ಆಗಲೇ ಶುರುವಾಗಿತ್ತು. ಹನ್ನೊಂದು ಜನರಿರುವ ಕ್ಲಬ್ಬಿನಲ್ಲಿ ಹನ್ನೆರಡನೆಯ ಕೋಲೊಂದು ಇರಬಹುದು ಎಂಬುದು ಆಟ ಗೊತ್ತಿದ್ದ ಯಾರಿಗಾದರೂ ಹೊಳೆಯುತ್ತಿತ್ತು.

ಅವನನ್ನು ಹೊರಗೆ ಕರೆಯಬೇಕೆಂದೇ ಗೆರೆಯ ಹತ್ತಿರ ಹೋದೆ. ನಿಜ ಹೇಳಬೇಕೆಂದರೆ ಅಷ್ಟು ದಿನ ಅವನ ಆಟವನ್ನು ನಾನು ಮೈದಾನದಲ್ಲಿ ನೋಡಿರಲಿಲ್ಲ. ನನ್ನ ಪಾಲಿಗೆ ಅವನು ಮೊಳೆಗಳನ್ನು ಆಕ್ರಮಿಸಿದವನು, ಎಂಟು ಚಪಾತಿಗೂ ಬಗ್ಗದವನು. ಇಲ್ಲಿ ಅವನು ಚೆಂಡನ್ನು ಕೋಲಿಗೆ ಅಂಟಿಸಿಕೊಂಡವನಂತೆ ಓಡುತ್ತಿದ್ದ. ಎದುರಿಗೆ ಬಂದವರು ಅವನು ದಾಟಿಹೋದ ಮೇಲೆ ತಿರುಗಿ ನೋಡುತ್ತಿದ್ದರು. ಕರೆಯಬೇಕೆಂದು ತೆರೆದ ಬಾಯಿಂದ, “ಹೊಡಿಯೋ ವಸಂತಾ,” ಎಂಬ ಮಾತು ಬಂತು. ಅವನು ಹೊಡೆದ. ಗೋಲಾಯಿತು. ನಾನು ಕೋಲನ್ನು ಮೇಲಕ್ಕೆತ್ತಿ ಕುಣಿದೆ. ಪಕ್ಕದಲ್ಲಿ ಇನ್ನೊಬ್ಬರು ಹ್ಯಾಟು ಎತ್ತಿ ಕುಣಿಯುತ್ತಿದ್ದರು. ಅವರು ನಮ್ಮ ಸಾಹೇಬರು.

ಇಬ್ಬರ ಕುಣಿತವೂ ಒಟ್ಟಿಗೇ ನಿಂತಿತು. ಅವರು ಹ್ಯಾಟನ್ನು ತಲೆಯ ಮೇಲಿಟ್ಟುಕೊಂಡು, “ನಾನು ಈ ದಾರಿಯಲ್ಲಿ ಸುಮ್ಮನೆ ಹೋಗುತ್ತಿದ್ದೆ,” ಎಂದರು. ನಾನೂ ಸುಮ್ಮನೆ ಹೋಗುತ್ತಿದ್ದೆ ಎಂದೆ. ಅವರು ನನ್ನ ಕೈಯಲ್ಲಿದ್ದ ಕೋಲನ್ನು ನೋಡಿ, ಮತ್ತೆ ಆಟದ ಕಡೆ ತಿರುಗಿದರು. ಕೊನೆಗೆ ಚೆಂಡೊಂದು ವಸಂತನ ಬಲಗೈ ಹೆಬ್ಬೆರಳಿಗೆ ಬಡಿದಾಗ ಇಬ್ಬರೂ ಒಂದೇ ಸಲ “ಅಯ್ಯೋ” ಎಂದೆವು. ಅವರು ಗುಜರಾತಿಯಲ್ಲಿ ಎಂದರು.

ಭಾನುವಾರ ಆಜಾದ್ ಮೈದಾನದಲ್ಲಿ ವಸಂತನ ಹೆಬ್ಬೆರಳು ಊದಿಕೊಂಡು ಚೆಂಡು ಹಿಡಿಯಲಾರದಂತಾಗಿತ್ತು. ಸಹೋದ್ಯೋಗಿಗಳೆಲ್ಲ ಸುತ್ತ ನಿಂತಿದ್ದರು. ಸಾಹೇಬರು ಏನಾಯಿತೆಂದು ಗಂಭೀರವಾಗಿ ಕೇಳಿದರು. ವಸಂತ, “ಮನೆಯ ಬಾಗಿಲಿಗೆ ಸಿಕ್ಕಿತು ಸಾಹೇಬ್,” ಎಂದ. ಅವರು ನನ್ನ ಕಡೆ ತಿರುಗಿ, “ಕುಲಕರ್ಣಿ, ಬಾಗಿಲು ರಿಪೇರಿ ಮಾಡಿಸು,” ಎಂದರು. ಅಷ್ಟೇ. ವಸಂತ ಬೌಲಿಂಗ್ ಮಾಡದೆ ಎಡಗೈಯಲ್ಲೇ ಚೆಂಡು ತಡೆಯುತ್ತ ಓಡಾಡಿದ. ಕೊನೆಯವನಾಗಿ ಬ್ಯಾಟು ಹಿಡಿದು ಒಂದೇ ಕೈಯಲ್ಲಿ ಸಾಕಷ್ಟು ಹೊತ್ತು ನಿಂತ. ಆದರೂ ನಾವು ಸೋತೆವು.

ಸಾಹೇಬರು ಮಾತಿಗೆ ತಪ್ಪಲಿಲ್ಲ ಎನ್ನುವುದೋ ತಪ್ಪಿದರು ಎನ್ನುವುದೋ ನನಗೆ ತಿಳಿಯದು. ತಿಂಗಳ ಕೊನೆಗೆ ವಸಂತನನ್ನು ಕಾಯಂ ಮಾಡಿದರು. ಶಾಂತಾ ಚಾಳಿಗೆಲ್ಲ ಪೇಢೆ ಹಂಚಿದಳು. ಆ ವಾರವೇ ರೈಲ್ವೆಯವರು ಅವನನ್ನು ಕರೆದರು: ಕ್ರಿಕೆಟ್ಟೂ ಆಡು, ಹಾಕಿಯೂ ಆಡು, ಇರಲು ಕ್ವಾರ್ಟರ್ಸು ಕೊಡುತ್ತೇವೆ ಎಂದು. ವಸಂತ ಹೋದ. ಅವ್ವ ಧಾರವಾಡದಿಂದ ಬಂದು ಅವನ ಕ್ವಾರ್ಟರ್ಸಿನಲ್ಲೇ ಇಳಿದಳು. ನಮ್ಮ ಖೋಲಿಗಿಂತ ಅಲ್ಲಿ ಗಾಳಿ ಚೆನ್ನಾಗಿದೆಯಂತೆ.

ವಸಂತನ ಕುರ್ಚಿ ಖಾಲಿಯಾದ ಮೇಲೆ ಸಾಹೇಬರು ಒಂದು ದಿನ ನನ್ನ ಮೇಜಿನ ಹತ್ತಿರ ನಿಂತರು. “ಕುಲಕರ್ಣಿ, ನಿನ್ನ ಹೆಂಡತಿಗೆ ಇನ್ನೊಬ್ಬ ತಮ್ಮ ಇದ್ದಾನೇನು?”

“ಇದ್ದಾನೆ ಸಾಹೇಬ್.”

“ಏನಾಡುತ್ತಾನೆ?”

“ಏನೂ ಆಡುವುದಿಲ್ಲ. ಓದುತ್ತಾನೆ. ಲೆಕ್ಕ, ಇಂಗ್ಲಿಷು ಎರಡರಲ್ಲೂ ಶಾಲೆಗೇ ಮೊದಲು,” ಎಂದೆ, ಸ್ವಲ್ಪ ಹೆಮ್ಮೆಯಿಂದಲೇ, ಆ ಮನೆಯಲ್ಲಿ ನನ್ನ ಹಾಗೆ ಒಬ್ಬನಾದರೂ ಇದ್ದಾನಲ್ಲ ಎಂದು.

ಸಾಹೇಬರು ನನ್ನನ್ನೂ ನನ್ನ ಮೇಜಿನ ಮೇಲಿನ ಫೈಲುಗಳ ರಾಶಿಯನ್ನೂ ಒಮ್ಮೆ ನೋಡಿದರು. “ಪಾಪ,” ಎಂದು ಹೇಳಿ ಒಳಗೆ ಹೋದರು.