ಅನುಭವದ ಖಾಲಿ ತೂಕ

ನಮ್ಮ ಕಂಪನಿಯಲ್ಲಿ ೨೦೦೬ನೇ ಇಸವಿಯ ಜೂನ್ ತಿಂಗಳಿನಿಂದ, ರಾಕ್ಷಸರನ್ನು ಕೊಲ್ಲದ ನೌಕರರಿಗೆ ಬಡ್ತಿ ಇರುವುದಿಲ್ಲ. ಈ ನಿಯಮ ಜಾರಿಗೆ ಬಂದ ಬಗೆಯನ್ನು ಸಿಬ್ಬಂದಿ ವಿಭಾಗದ ಗುಮಾಸ್ತನಾದ ನಾನು ಕಡತದಲ್ಲಿರುವಂತೆಯೇ ಬರೆಯುತ್ತಿದ್ದೇನೆ. ಕಡತದಲ್ಲಿ ಇಲ್ಲದ್ದು ನಡೆದಿಲ್ಲವೆಂದೇ ತಿಳಿಯತಕ್ಕದ್ದು.

ಕೆಂಗುಡ್ಡ ಮಿನರಲ್ಸ್‌ನ ಮಾಲೀಕರಾದ ಜಡೆಪ್ಪ ಸಾಹುಕಾರರು ಮೊದಲು ಕಂಪ್ಲಿಯಲ್ಲಿ ಅಕ್ಕಿ ಗಿರಣಿ ನಡೆಸುತ್ತಿದ್ದರು. ಮೂರು ವರ್ಷದ ಹಿಂದೆ ಸಂಡೂರಿನ ಈ ಕಬ್ಬಿಣದ ಅದಿರಿನ ಗುಡ್ಡವನ್ನು, ಅದರ ಮೇಲೆ ಕೆಲಸ ಮಾಡುತ್ತಿದ್ದ ನಮ್ಮನ್ನೂ ಸೇರಿಸಿ ಕೊಂಡರು. ಅದಿರಿನ ರೇಟು ಏರಿದ ಮೇಲೆ, ನಿಧಾನವಾಗಿ ಆಗುವ ಯಾವುದರ ಮೇಲೂ ಅವರಿಗೆ ನಂಬಿಕೆ ಉಳಿಯಲಿಲ್ಲ.

೨೦೦೬ರ ಬೇಸಿಗೆಯಲ್ಲಿ ಅವರ ಮಗಳು ಕಾವ್ಯ ಕಾಲೇಜಿನ ರಜೆಗೆಂದು ಹೊಸಪೇಟೆಯ ಮನೆಗೆ ಬಂದಿದ್ದಳು. ಗೆಳತಿಯರನ್ನು ಮೇಜಿನ ಸುತ್ತ ಕೂರಿಸಿಕೊಂಡು ಒಂದು ಆಟ ಆಡುತ್ತಿದ್ದಳು. ಒಬ್ಬರು ಗುಹೆ, ಕತ್ತಲೆ, ರಾಕ್ಷಸ ಎಂದು ಕತೆ ಹೇಳುವುದು. ಉಳಿದವರು ಒಬ್ಬೊಬ್ಬ ವೀರನ ಹೆಸರಿನಲ್ಲಿ ದಾಳ ಉರುಳಿಸಿ ಕಾದಾಡುವುದು. ರಾಕ್ಷಸ ಸತ್ತರೆ ಅವನಿಗೆ ಗೊತ್ತುಮಾಡಿದ ಅನುಭವದ ಪಾಯಿಂಟುಗಳನ್ನು ಕಾದಾಡಿದವರೆಲ್ಲ ಸಮನಾಗಿ ಹಂಚಿಕೊಳ್ಳಬೇಕು. ಪಾಯಿಂಟು ಕೂಡಿದಂತೆ ವೀರ ಮೇಲಿನ ದರ್ಜೆಗೆ ಏರುತ್ತಾನೆ.

ಸಾಹುಕಾರರು ನಿಂತು ನೋಡಿದರು. "ಈ ಅನುಭವ ಬರಾಕ ಎಷ್ಟೊತ್ತು ಹಿಡೀತವ್ವಾ?" ಎಂದು ಕೇಳಿದರು.

"ಅರ್ಧ ತಾಸಪ್ಪ," ಎಂದಳು ಕಾವ್ಯ.

ಮರುದಿನವೇ ಅವರು ಮ್ಯಾನೇಜರ್ ಹೊನ್ನೂರುಸ್ವಾಮಿಯವರನ್ನು ಕರೆಸಿದರು. "ನಮ್ಮ ಮಂದಿ ಇಪ್ಪತ್ತು ವರ್ಷ ಕುಂತು ಅನುಭವ ಐತಿ ಅಂತಾರ. ನನ್ನ ಮಗಳು ಊಟಕ್ಕಿಂತ ಮೊದ್ಲ ನಾಕು ನೂರು ಮಾಡ್ಯಾಳ. ನಮ್ಮಲ್ಲೂ ಇದನ್ನ ಹಾಕ್ರಿ."

ಮ್ಯಾನೇಜರರು ಹಾಕಿದರು. ಪ್ರತಿ ಶನಿವಾರ ಮಧ್ಯಾಹ್ನ ಕ್ಯಾಂಟೀನಿನಲ್ಲಿ ಆಟವಾಡುವುದು ಕಡ್ಡಾಯವಾಯಿತು. ಕತೆ ಹೇಳುವ ಕೆಲಸಕ್ಕೆ ನನ್ನನ್ನು 'ಪ್ರಭಾರ ರಾಕ್ಷಸಾಧಿಕಾರಿ' ಎಂದು ನೇಮಿಸಲಾಯಿತು. ಮನೆಯಲ್ಲಿ ಈ ಹುದ್ದೆಯ ಹೆಸರನ್ನು ನಾನು ಇನ್ನೂ ಹೇಳಿಲ್ಲ.

ಆಗ ಖಾಲಿಯಿದ್ದ ಹುದ್ದೆ ಒಂದೇ: ವೇಬ್ರಿಡ್ಜ್ ಸೂಪರ್‌ವೈಸರ್. ಅದಕ್ಕಾಗಿ ಕಾದಿದ್ದವರು ಸುಂಕಪ್ಪ. ಮರಿಯಮ್ಮನಹಳ್ಳಿಯ ಈ ಮನುಷ್ಯ ಹತ್ತೊಂಬತ್ತು ವರ್ಷದಿಂದ ಲಾರಿ ತೂಗಿ ಚೀಟಿ ಬರೆಯುತ್ತಿದ್ದಾರೆ. ತೂಕದ ಗುಮಾಸ್ತ ಹೊರಗೆ ತಗಡಿನ ಕೆಳಗೆ ನಿಂತು ಕೆಂಪು ಧೂಳು ಕುಡಿಯಬೇಕು. ಸೂಪರ್‌ವೈಸರಿಗೆ ಗಾಜಿನ ಕ್ಯಾಬಿನ್ ಉಂಟು, ಅದಕ್ಕೆ ಮುಚ್ಚುವ ಬಾಗಿಲೂ ಉಂಟು. ಸುಂಕಪ್ಪನವರ ಕೆಮ್ಮು ಲಾರಿಯ ಹಾರ್ನಿಗಿಂತ ಮೊದಲು ಕೇಳುತ್ತದೆ. ಡಾಕ್ಟರು ಧೂಳಿನಿಂದ ದೂರ ಇರಲು ಹೇಳಿದ್ದರು. ಅವರಿಗೆ ಬೇಕಾಗಿದ್ದದ್ದು ಆ ಬಾಗಿಲು, ಅಷ್ಟೇ.

ಮೊದಲ ಶನಿವಾರ ಒಬ್ಬ ರಾಕ್ಷಸನ ಮೇಲೆ ಅರವತ್ತನಾಲ್ಕು ನೌಕರರು ಬಿದ್ದರು. ರಜೆಯಲ್ಲಿದ್ದ ಹುಸೇನಪ್ಪನವರು, ತಾವು ಊರಿನಿಂದಲೇ ಕಾದಾಡಿದ್ದಾಗಿ ಅರ್ಜಿ ಕಳಿಸಿದರು. ಎರಡನೇ ಶನಿವಾರ ಇನ್ನೂ ಪ್ರಗತಿಯಾಯಿತು. ಒಂದೇ ಪರ್ಮಿಟ್ಟಿನಲ್ಲಿ ಮೂರು ಟ್ರಿಪ್ ಹೊಡೆದು ಕೈ ಪಳಗಿದ್ದ ಸಾಗಣೆ ವಿಭಾಗದವರು ಒಬ್ಬನೇ ರಾಕ್ಷಸನನ್ನು ಮೂರು ಸಲ ಕೊಂದು, ಮೂರು ಸಲವೂ ಪಾಯಿಂಟು ಪಡೆದರು. ರಾಕ್ಷಸನ ಕಡೆಯಿಂದ ಆಕ್ಷೇಪಣೆ ಬಾರದ ಕಾರಣ ನಾನು ಮಂಜೂರು ಮಾಡಿದೆ.

ಇದು ಸಾಹುಕಾರರ ಕಿವಿಗೆ ಬಿತ್ತು. ಅವರು ಸಭೆ ಕರೆದರು.

"ಅದಿರು ತೂಗ್ತೀವಿ, ಅನುಭವ ತೂಗಾಕ ಬರಂಗಿಲ್ಲೇನು? ತೂಕದವರು ಯಾರು ನಮ್ಮಲ್ಲಿ?" ಎಂದು ಕೇಳಿದರು.

ಸುಂಕಪ್ಪ ಎದ್ದು ನಿಂತರು. ಹತ್ತೊಂಬತ್ತು ವರ್ಷದಲ್ಲಿ ಅವರ ಅಭಿಪ್ರಾಯವನ್ನು ಯಾರಾದರೂ ಕೇಳಿದ್ದು ಅದೇ ಮೊದಲು. ಖುಷಿಗೆ ಕೆಮ್ಮೇ ನಿಂತುಹೋಗಿತ್ತು.

"ಲೋಡ್ ಲಾರಿ ತೂಕ ಅದಿರಿನ ತೂಕ ಅಲ್ರಿ ಸಾಹುಕಾರ್ರ. ಮೊದ್ಲ ಖಾಲಿ ಲಾರಿ ತೂಗಬೇಕು, ಆಮ್ಯಾಲ ಅದನ್ನ ಕಳೀಬೇಕು. ಉಳಿದದ್ದು ನಿಜವಾದ ಮಾಲು. ಮನಷ್ಯಾಗೂ ಹಂಗ ಮಾಡ್ರಿ. ಕಾದಾಟಕ್ಕ ಬರೋವಾಗ ಅವನ ಹತ್ರ ಎಷ್ಟು ಅನುಭವ ಇತ್ತು, ಅದನ್ನ ಕಳೀರಿ."

ಸಭೆಯಲ್ಲಿ ಚಪ್ಪಾಳೆ ಬಿತ್ತು. ಸಾಹುಕಾರರು, "ಭಾಳ ಬರೋಬ್ಬರಿ ಹೇಳಿದ್ರಿ," ಎಂದರು. ಆಗಲೇ ಸುತ್ತೋಲೆ ಹೊರಟಿತು:

"ನಿಯಮ ೧೪: ಪ್ರತಿ ಕಾದಾಟದ ಪಾಯಿಂಟಿನಿಂದ ನೌಕರನ ಹಿಂದಿನ ಅನುಭವವನ್ನು ಖಾಲಿ ತೂಕವೆಂದು ಕಳೆಯತಕ್ಕದ್ದು. ಸೇವೆಯ ಒಂದು ದಿನಕ್ಕೆ ಒಂದು ಪಾಯಿಂಟು. ಅಧಿಕ ವರ್ಷದ ಹೆಚ್ಚಿನ ದಿನಗಳನ್ನು ಕಂಪನಿಯು ಉದಾರವಾಗಿ ಬಿಟ್ಟುಕೊಟ್ಟಿದೆ."

ಮೂರನೇ ಶನಿವಾರ ಸೂಪರ್‌ವೈಸರ್ ಹುದ್ದೆಗೆ ಆರು ಜನ ಕಾದಾಟಕ್ಕಿಳಿದರು. ನಾನು ಎರಡು ಸಾವಿರದ ನಾಲ್ಕು ನೂರು ಪಾಯಿಂಟಿನ ಹನ್ನೆರಡು ತಲೆಯ ರಾಕ್ಷಸನನ್ನು ಬಿಡುಗಡೆ ಮಾಡಿದೆ. ನಾಲ್ವರು ಮೊದಲ ಏಟಿಗೇ ಮಲಗಿದರು. ಅದೇ ವಾರ ಸೋಮವಾರ ಕೆಲಸಕ್ಕೆ ಸೇರಿದ್ದ ಮುರುಗೇಶ್, ತನ್ನ ವೀರ ಬಂಡೆಯ ಹಿಂದೆ ಕುಳಿತಿದ್ದಾನೆಂದು ತಿಳಿಸಿ ಮಿರ್ಚಿ ತಿಂದ. ಹೊಸಬನಾದರೂ ಕಾದಾಟಕ್ಕಿಳಿದ ಈತ ಸಾಹುಕಾರರ ಸಂಬಂಧಿಯೂ ಅಲ್ಲ. ನಮಗೆಲ್ಲ ಅದೇ ಆಶ್ಚರ್ಯ. ಸುಂಕಪ್ಪನವರೊಬ್ಬರೇ ಎರಡು ತಾಸು ದಾಳ ಉರುಳಿಸಿ, ಹನ್ನೆರಡು ತಲೆಗಳನ್ನೂ ಒಂದೊಂದಾಗಿ ಇಳಿಸಿದರು. ಪ್ರತಿ ತಲೆಗೂ ಚೀಟಿ ಬರೆದರು. ಅಂಥ ಕಾದಾಟವನ್ನು ನಾನು ನೋಡಿಲ್ಲ. ಪ್ರಭಾರದಲ್ಲಿದ್ದರೂ ಎದ್ದು ನಿಂತುಬಿಟ್ಟೆ.

ನಿಯಮದಂತೆ ಆರು ಜನಕ್ಕೂ ತಲಾ ನಾಲ್ಕು ನೂರು ಬಂತು. ಮುರುಗೇಶನ ಸೇವೆ ಆರು ದಿನ. ಕಳೆದರೆ ಮುನ್ನೂರ ತೊಂಬತ್ತನಾಲ್ಕು. ಸುಂಕಪ್ಪನವರ ಸೇವೆ ಆರು ಸಾವಿರದ ಒಂಬೈನೂರ ಮೂವತ್ತೈದು ದಿನ. ಕಳೆದರೆ ಸೊನ್ನೆಗಿಂತ ಕೆಳಗೆ ಆರು ಸಾವಿರದ ಐನೂರ ಮೂವತ್ತೈದು. ಉಳಿದ ನಾಲ್ವರೂ ಹಳಬರು, ಅವರದೂ ಸೊನ್ನೆಗಿಂತ ಕೆಳಗೆ. ಕ್ಯಾಬಿನ್ ಮುರುಗೇಶನಿಗೆ ಹೋಯಿತು.

"ಸರ, ಅದನ್ನ ಕೊಂದಾಂವ ನಾನ್ರಿ," ಎಂದರು ಸುಂಕಪ್ಪ.

"ಕೊಂದೀರಿ, ಯಾರು ಇಲ್ಲ ಅಂದ್ರು? ನಿಯಮ ನಿಮ್ದ ಐತಿ, ಲೆಕ್ಕ ನೀವ ನೋಡ್ರಿ," ಎಂದು ಮ್ಯಾನೇಜರರು ಹಾಳೆ ಮುಂದಿಟ್ಟರು.

ಸುಂಕಪ್ಪ ಕನ್ನಡಕ ಏರಿಸಿ, ಬೆರಳಿಟ್ಟು ಎರಡು ಸಲ ಕಳೆದು ನೋಡಿದರು. ತಪ್ಪು ಇದ್ದರೆ ಹಿಡಿಯಬಲ್ಲವರು ಇಡೀ ಗುಡ್ಡದಲ್ಲಿ ಅವರೊಬ್ಬರೇ. "ಲೆಕ್ಕ ಸರಿ ಐತ್ರಿ," ಎಂದು ಕೆಳಗೆ ಸಹಿ ಹಾಕಿದರು. ನನಗೆ ಸಂಕಟವಾಯಿತು. ಸಂಕಟಕ್ಕೆ ಕಡತದಲ್ಲಿ ಕಾಲಂ ಇಲ್ಲದ್ದರಿಂದ ಇಲ್ಲಿ ಬರೆದಿದ್ದೇನೆ.

ಮುಂದಿನದು ಸಹಜವಾಗಿ ನಡೆಯಿತು. ಒಂದು ಪಾಯಿಂಟೆಂದರೆ ಸೇವೆಯ ಒಂದು ದಿನವಾದ್ದರಿಂದ, ಸೇವೆ ಸೊನ್ನೆಗಿಂತ ಕೆಳಗೆ ಇಳಿದವರು ಇನ್ನೂ ಕೆಲಸಕ್ಕೇ ಸೇರಿಲ್ಲವೆಂದು ಮ್ಯಾನೇಜರರು ತೀರ್ಮಾನಿಸಿದರು. ಅದರಂತೆ ಸುಂಕಪ್ಪನವರು ಇನ್ನು ಹದಿನೇಳು ವರ್ಷ ಹನ್ನೊಂದು ತಿಂಗಳಿಗೆ ಸೇರಬೇಕಾಗಿತ್ತು. ಆದರೆ ತೂಕದ ಯಂತ್ರ ಬಲ್ಲವರು ಬೇರೆ ಯಾರೂ ಇರಲಿಲ್ಲ. ಆದ್ದರಿಂದ ಅವರಿಗೆ ದಿನವೂ ಬೆಳಿಗ್ಗೆ ಎಂಟಕ್ಕೆ ಸಂದರ್ಶಕರಾಗಿ ಬಂದು ಸಂಜೆಯವರೆಗೆ ಲಾರಿ ತೂಗಲು ಅನುಮತಿ ನೀಡಲಾಯಿತು. ಸಂಬಳ ಮೊದಲಿನಷ್ಟೇ, ಹೆಸರು ಮಾತ್ರ 'ಸತ್ಕಾರ'. ತಿಂಗಳೊಳಗೆ ನಾವೂ ಬಹುಪಾಲು ಸಂದರ್ಶಕರಾದೆವು.

ಸುಂಕಪ್ಪನವರ ಹೆಂಡತಿ ಉಚ್ಚೆಂಗಮ್ಮ ಆಫೀಸಿಗೆ ಬಂದು ಮ್ಯಾನೇಜರರ ಎದುರು ನಿಂತರು.

"ನಮ್ಮ ಮನ್ಯಾಗಿನವರು ಇನ್ನೂ ಕೆಲ್ಸಕ್ಕ ಸೇರಿಲ್ಲಂತಲ್ರಿ. ಹಂಗಾರ ದಿನಾ ನಾನು ತೊಳಿಯೋ ಆ ಕೆಂಪು ಅಂಗಿ ಯಾರ್ದ್ರಿ?"

"ಸಂದರ್ಶಕರದ್ದಮ್ಮ," ಎಂದರು ಮ್ಯಾನೇಜರರು. "ಕುಂದ್ರಿ, ಚಾ ಕುಡೀರಿ."

ಆಕೆ ಕೂರಲಿಲ್ಲ. ಹೋಗುವಾಗ ಗಾಜಿನ ಕ್ಯಾಬಿನ್ನಿನ ಮುಂದೆ ಸ್ವಲ್ಪ ಹೊತ್ತು ನಿಂತರು. ಒಳಗೆ ಮುರುಗೇಶ್ ಬಾಗಿಲು ಮುಚ್ಚಿಕೊಂಡು ನಿದ್ದೆ ಮಾಡುತ್ತಿದ್ದ.

ಸುಂಕಪ್ಪ ಛಲ ಬಿಡಲಿಲ್ಲ. ಸಂದರ್ಶಕರಿಗೆ ಸೇವೆ ಬೆಳೆಯದು, ಆದ್ದರಿಂದ ಮತ್ತೆ ಖಾಲಿ ತೂಕವೂ ಬೀಳದು ಎಂಬುದನ್ನು ಅವರೇ ಕಂಡುಹಿಡಿದರು. ವಾರಕ್ಕೆ ನಾಲ್ಕು ನೂರರಂತೆ ಹದಿನೇಳು ಶನಿವಾರ ಹನ್ನೆರಡು ತಲೆಯವರನ್ನೇ ಬೇಡಿ, ಕೆಮ್ಮುತ್ತಲೇ ಕೊಂದರು. ಅಕ್ಟೋಬರಿನಲ್ಲಿ ಅವರ ಸೇವೆ ಸೊನ್ನೆ ದಾಟಿತು. ಕಂಪನಿ ಅವರಿಗೆ ಹೊಸ ನೇಮಕಾತಿ ಪತ್ರ ಕೊಟ್ಟಿತು. ಸಾಹುಕಾರರು ಹಾರ ಹಾಕಿದರು, ನಾವೆಲ್ಲ ಪೇಢೆ ತಿಂದೆವು. "ನೌಕರಿ ಸಿಕ್ತು ನೋಡ್ರಿ," ಎಂದು ಸುಂಕಪ್ಪ ನನ್ನ ಕೈ ಹಿಡಿದುಕೊಂಡರು. ಅವರ ಕಣ್ಣು ತುಂಬಿತ್ತು.

ಹೊಸ ನೌಕರರಿಗೆ ಆರು ತಿಂಗಳ ತರಬೇತಿ ಕಡ್ಡಾಯ. ತೂಕ ಕಲಿಸಬಲ್ಲವರು ಬೇರೆ ಇಲ್ಲದ ಕಾರಣ, ಮಾಜಿ ಸಂದರ್ಶಕರಾದ ಸುಂಕಪ್ಪನವರೇ ಬಂದು ಈ ಸುಂಕಪ್ಪನವರಿಗೆ ಕಲಿಸಬೇಕೆಂದು ಕಂಪನಿ ಕೋರಿತು. ಅವರು ಒಪ್ಪಿದರು. ತಗಡಿನ ಕೆಳಗೆ ಮೊದಲಿನಂತೆಯೇ ನಿಂತು ಆರು ತಿಂಗಳು ಕಲಿಸಿದರು, ಕಲಿತರು. ಕೊನೆಗೆ ತರಬೇತುದಾರರ ಅಭಿಪ್ರಾಯವನ್ನು ತಮ್ಮ ದುಂಡು ಅಕ್ಷರದಲ್ಲಿ ಬರೆದು ತಂದುಕೊಟ್ಟರು:

"ಮನುಷ್ಯ ಒಳ್ಳೆಯವನು. ಕೆಲಸ ಚೊಕ್ಕ. ಅನುಭವ ಸಾಲದು."

ಮ್ಯಾನೇಜರರು ಓದಿ, ನಿಜವೆಂದರು. ನಾನು ಮೊಹರು ಒತ್ತಿದೆ.